ಜೊತೆ ಓಡುವವರು: ಮೂಡಿಗೆರೆಯ ರಕ್ಷಿತಾ ರಾಜು ಮತ್ತು ಅಂಧ ಓಟಗಾರರ ತರಬೇತುದಾರರ ಸೇವೆ

ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಮೊದಲು ಸಿಗುವುದು ಕೊಟ್ಟಿಗೆಹಾರ, ಅಲ್ಲಿಂದ ಮುಂದೆ ಬಣಕಲ್, ಆಮೇಲೆ ಮೂಡಿಗೆರೆ. ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಈ ದಾರಿ ಹೊಸದಲ್ಲ. ನಮ್ಮ ಎಷ್ಟೋ ಮನೆಗಳ ಹಿರಿಯರು ಕಾಫಿ ತೋಟಗಳಲ್ಲಿ ರೈಟರುಗಳಾಗಿ, ಮೇಸ್ತ್ರಿಗಳಾಗಿ, ಕೂಲಿಯಾಳುಗಳಾಗಿ ದುಡಿಯಲು ಇದೇ ಘಾಟಿ ಹತ್ತಿದವರು. ಅವರಲ್ಲಿ ಹಲವರು ಅಲ್ಲೇ ನೆಲೆನಿಂತರು. 1963ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ರಚನೆಯಾದಾಗ ಈ ಮಲೆಯ ಧರ್ಮಕೇಂದ್ರಗಳು ಅದಕ್ಕೆ ಸೇರಿದವು.

ಇದೇ ಮೂಡಿಗೆರೆ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿದವರು ರಕ್ಷಿತಾ ರಾಜು. ಹುಟ್ಟಿನಿಂದಲೇ ಕಣ್ಣು ಕಾಣದ ಈ ಯುವತಿ 2018ರಲ್ಲಿ ಜಕಾರ್ತಾದಲ್ಲಿಯೂ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿಯೂ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನದ ಪದಕ ಗೆದ್ದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಓಡಿದರು. ಅವರ ಸಾಧನೆಯ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದಿವೆ. ಈ ಲೇಖನದಲ್ಲಿ ನಾವು ಹೆಚ್ಚು ಹೇಳಹೊರಟಿರುವುದು ಅವರ ಪಕ್ಕದಲ್ಲಿ ಓಡಿದವರ ಕುರಿತು. ಕಣ್ಣು ಕಾಣದ ಓಟಗಾರರಿಗೆ ತರಬೇತಿ ಕೊಡುವವರು ಯಾರು, ಅವರ ಕೆಲಸವೇನು, ಅದಕ್ಕಾಗಿ ಅವರು ಬಿಟ್ಟುಕೊಡುವುದೇನು ಎಂಬುದನ್ನು ನಮ್ಮ ಧರ್ಮಕೇಂದ್ರಗಳ ಯುವಜನರೂ ಶಾಲೆ ನಡೆಸುವ ಧರ್ಮಭಗಿನಿಯರೂ ತಿಳಿಯುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಅಜ್ಜಿ ಮತ್ತು ಶಾಲೆ

ರಕ್ಷಿತಾ ಚಿಕ್ಕಂದಿನಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡರು. ಸಾಕಿದವರು ಅಜ್ಜಿ. ಆ ಅಜ್ಜಿಗೆ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಮೊಮ್ಮಗಳು ಸನ್ನೆಯನ್ನು ನೋಡಲಾರಳು, ಅಜ್ಜಿ ಕರೆಯನ್ನು ಕೇಳಲಾರರು. ಅಂಥ ಮನೆಯಲ್ಲಿ ಉಳಿಯುವ ಭಾಷೆ ಸ್ಪರ್ಶವೊಂದೇ. ಕೈ ಹಿಡಿದು ಎಳೆಯುವುದು, ಬೆನ್ನು ತಟ್ಟುವುದು, ತಟ್ಟೆಯ ಮೇಲೆ ಕೈ ಇಡಿಸುವುದು. ಮುಂದೆ ಓಟದ ಅಂಕಣದಲ್ಲಿ ಒಂದು ತುಂಡು ದಾರದ ಸೆಳೆತದಿಂದಲೇ ಎಲ್ಲವನ್ನೂ ಅರಿತುಕೊಳ್ಳಬೇಕಾದ ಹುಡುಗಿಗೆ ಮೊದಲ ತರಬೇತಿ ಸಿಕ್ಕಿದ್ದು ಆ ಅಜ್ಜಿಯ ಕೈಯಿಂದಲೇ ಎಂದರೆ ತಪ್ಪಾಗಲಾರದು.

ಓದಲು ಸೇರಿದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಗೆ. ಓಟದ ರುಚಿ ಹತ್ತಿದ್ದೂ ಅಲ್ಲಿಯೇ. ಇಂಥ ಶಾಲೆಗಳ ದೈಹಿಕ ಶಿಕ್ಷಕರ ಕೆಲಸವನ್ನು ನಾವು ಹೊರಗಿನವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರೈಲ್ ಕಲಿಸುವವರನ್ನು, ಸಂಗೀತ ಕಲಿಸುವವರನ್ನು ಹೊಗಳುತ್ತೇವೆ. ಕಾಣದ ಮಗುವನ್ನು ಮೈದಾನಕ್ಕೆ ಕರೆದೊಯ್ದು "ಓಡು" ಎನ್ನುವುದಕ್ಕೆ ಮಾತ್ರ ಬೇರೆಯೇ ಧೈರ್ಯ ಬೇಕು. ಬಿದ್ದು ಗಾಯವಾದರೆ ಕೇಳುವವರು ಹತ್ತು ಮಂದಿ. ಓಡಿಸದೆ ಕೂರಿಸಿದರೆ ಕೇಳುವವರು ಯಾರೂ ಇಲ್ಲ.

ನಮ್ಮ ಕರಾವಳಿಯಲ್ಲಿಯೂ ಅಂಧ ಮಕ್ಕಳ ಶಿಕ್ಷಣದ ಸೇವೆ ನಡೆದಿದೆ. ಮಂಗಳೂರಿನ ರೋಮನ್ ಆಂಡ್ ಕ್ಯಾಥರಿನ್ ಲೋಬೊ ಶಾಲೆಯ ಹೆಸರು ನಮ್ಮ ಓದುಗರಿಗೆ ಪರಿಚಿತ. ಆದರೆ ಊರಿನ ಸಾಮಾನ್ಯ ಶಾಲೆಗಳಲ್ಲಿ ಓದುವ, ಅರ್ಧಂಬರ್ಧ ಕಾಣುವ ಮಕ್ಕಳು ಇಂದಿಗೂ ಕ್ರೀಡಾ ದಿನದಂದು ನೆರಳಲ್ಲಿ ಕುಳಿತು ಇತರರ ಚೀಲ ಕಾಯುವುದೇ ಹೆಚ್ಚು.

ತರಬೇತುದಾರ ರಾಹುಲ್ ಬಾಲಕೃಷ್ಣ

ಬೆಂಗಳೂರಿನಲ್ಲಿ ರಕ್ಷಿತಾ ಅವರನ್ನು ತಿದ್ದಿ ಬೆಳೆಸಿದವರು ರಾಹುಲ್ ಬಾಲಕೃಷ್ಣ. ಅವರು ಸ್ವತಃ ಮಧ್ಯಮ ದೂರದ ಓಟಗಾರ, 1500 ಮೀಟರ್ ಅವರದೇ ಓಟ. ಶಾಲಾ ಬಾಲಕಿಯಾಗಿದ್ದ ರಕ್ಷಿತಾ ರಾಷ್ಟ್ರ ಮಟ್ಟದ ಕೂಟಗಳಿಗೆ ಬರತೊಡಗಿದ ಕಾಲದಲ್ಲಿ ಪರಿಚಯವಾಯಿತು. ಆಮೇಲೆ ಅವರು ತರಬೇತುದಾರರಾಗಿದ್ದಷ್ಟೇ ಅಲ್ಲ, ಜೊತೆ ಓಡುವ ಗೈಡ್ ರನ್ನರ್ ಕೂಡ ಆದರು. ಬೇರೆ ಯುವಕರೂ ಕಾಲಕಾಲಕ್ಕೆ ಗೈಡ್ ಆಗಿ ಓಡಿದ್ದುಂಟು. ಆದರೆ ವರ್ಷಾನುಗಟ್ಟಲೆ ತರಬೇತಿಯ ಭಾರವನ್ನು ಹೊತ್ತವರು ರಾಹುಲ್.

ಇಲ್ಲಿ ಓದುಗರು ಒಂದು ವಿಷಯ ಗಮನಿಸಬೇಕು. ಸಾಮಾನ್ಯ ತರಬೇತುದಾರ ಕೈಯಲ್ಲಿ ಗಡಿಯಾರ ಹಿಡಿದು ಅಂಕಣದ ಅಂಚಿನಲ್ಲಿ ನಿಲ್ಲುತ್ತಾನೆ. ಅವನಿಗೆ ವಯಸ್ಸಾದರೂ ನಡೆಯುತ್ತದೆ, ಹೊಟ್ಟೆ ಬಂದರೂ ನಡೆಯುತ್ತದೆ. ಅಂಧ ಓಟಗಾರರ ತರಬೇತುದಾರ ತಾನೇ ಗೈಡ್ ಆದರೆ ಆ ಸೌಕರ್ಯವಿಲ್ಲ. ಓಟಗಾರ್ತಿ ಎಷ್ಟು ಕಿಲೋಮೀಟರ್ ಓಡುತ್ತಾಳೋ ಅಷ್ಟನ್ನೂ ಅವನೂ ಓಡಬೇಕು. ಅವಳಿಗೆ ಬೆಳಗ್ಗೆ ಅಭ್ಯಾಸವಿದ್ದರೆ ಇವನಿಗೂ ಉಂಟು. ಅವಳು ಊಟದಲ್ಲಿ ಕಟ್ಟುನಿಟ್ಟು ಮಾಡಿದರೆ ಇವನೂ ಮಾಡಬೇಕು. ಸ್ವಂತ ಓಟದ ಆಸೆ ಇಟ್ಟುಕೊಂಡ ಯುವಕನೊಬ್ಬ ಈ ಕೆಲಸಕ್ಕೆ ಒಪ್ಪಿದನೆಂದರೆ ತನ್ನ ಒಳ್ಳೆಯ ವರ್ಷಗಳನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಟ್ಟಂತೆ. ದಾನವೆಂದರೆ ಹಣದ ಚೀಟಿ ಎಂದು ತಿಳಿದಿರುವ ನಮಗೆ ಈ ಬಗೆಯ ದಾನ ಬೇಗ ಕಣ್ಣಿಗೆ ಬೀಳುವುದಿಲ್ಲ.

ಹಾಂಗ್‌ಝೌನಲ್ಲಿ ರಕ್ಷಿತಾ ಗೆದ್ದ ಓಟದ ಸಮಯ 5 ನಿಮಿಷ 21 ಸೆಕೆಂಡು. ಎಂದರೆ 400 ಮೀಟರಿನ ಒಂದು ಸುತ್ತಿಗೆ ಸುಮಾರು 86 ಸೆಕೆಂಡಿನಂತೆ ಮೂರು ಮುಕ್ಕಾಲು ಸುತ್ತು. ಈ ವೇಗದಲ್ಲಿ ಓಡುತ್ತಾ ಗೈಡ್ ಮಾತಾಡುತ್ತಲೂ ಇರಬೇಕು. ಏದುಸಿರು ಬಿಡುವವನು ಮಾತಾಡಲಾರ. ಆದ್ದರಿಂದ ಗೈಡ್ ಆಗುವವನು ತನ್ನ ಓಟಗಾರ್ತಿಗಿಂತ ಸಾಕಷ್ಟು ವೇಗದವನಾಗಿರಲೇಬೇಕು. ಮಹಿಳೆಯರಿಗೆ ಅನೇಕ ವೇಳೆ ಪುರುಷರೇ ಗೈಡ್ ಆಗಿರುವುದಕ್ಕೆ ಕಾರಣ ಇದೇ.

ಓಟದ ನಿಯಮಗಳು

ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ದೃಷ್ಟಿದೋಷವುಳ್ಳವರಿಗೆ ಮೂರು ವಿಭಾಗಗಳಿವೆ. ಟಿ11 ಎಂದರೆ ಪೂರ್ಣ ಅಥವಾ ಬಹುತೇಕ ಪೂರ್ಣ ಅಂಧತ್ವ. ಟಿ12 ಮತ್ತು ಟಿ13 ವಿಭಾಗದವರಿಗೆ ಸ್ವಲ್ಪ ದೃಷ್ಟಿ ಇರುತ್ತದೆ. ಟಿ11ರಲ್ಲಿ ಗೈಡ್ ಜೊತೆಗೇ ಓಡಬೇಕು, ಮತ್ತು ಎಲ್ಲರೂ ಬೆಳಕು ಒಳಬಾರದ ಕಣ್ಣುಪಟ್ಟಿ ಧರಿಸಬೇಕು. ಒಬ್ಬರಿಗೆ ಬೆಳಕಿನ ಚೂರು ಕಂಡು ಇನ್ನೊಬ್ಬರಿಗೆ ಕಾಣದಿದ್ದರೆ ಅನ್ಯಾಯವಾಗುತ್ತದಲ್ಲ, ಅದಕ್ಕೆ ಈ ಏರ್ಪಾಡು. ಟಿ12ರಲ್ಲಿ ಗೈಡ್ ಬೇಕಾದರೆ ಇಟ್ಟುಕೊಳ್ಳಬಹುದು. ಟಿ13ರಲ್ಲಿ ಒಬ್ಬರೇ ಓಡುತ್ತಾರೆ. ರಕ್ಷಿತಾ ಓಡುವುದು ಟಿ11ರಲ್ಲಿ.

ಇಬ್ಬರ ಕೈಗಳನ್ನು ಸೇರಿಸುವುದು ಒಂದು ದಾರ. ಎರಡೂ ತುದಿಯಲ್ಲಿ ಕುಣಿಕೆ, ನಡುವೆ ಹಿಗ್ಗದ ಹುರಿ. ಉದ್ದ 30 ಸೆಂಟಿಮೀಟರ್ ಮೀರಬಾರದು, ಎಂದರೆ ಶಾಲೆಯ ಮಕ್ಕಳ ಅಡಿಕೋಲಿನಷ್ಟು. ಅಭ್ಯಾಸಕ್ಕೆ ಶೂ ಲೇಸ್ ಕಟ್ಟಿಕೊಂಡರೂ ಆಗುತ್ತದೆ. ಈ ದಾರದಿಂದ ಗೈಡ್ ಓಟಗಾರರನ್ನು ಎಳೆಯುವಂತಿಲ್ಲ, ಕೈಯಿಂದ ತಳ್ಳುವಂತಿಲ್ಲ. ಗುರಿಯ ಗೆರೆಯನ್ನು ಓಟಗಾರರು ಮೊದಲು ದಾಟಬೇಕು, ಗೈಡ್ ಹಿಂದೆಯೇ ಇರಬೇಕು. ಗೈಡ್‌ನ ಎದೆ ಮುಂದೆ ಬಂದರೆ ಇಬ್ಬರೂ ಅನರ್ಹ. 100 ಮೀಟರಿನಂಥ ಚಿಕ್ಕ ಓಟಗಳಲ್ಲಿ ಒಂದೊಂದು ಜೋಡಿಗೆ ಎರಡು ಲೇನ್ ಬೇಕಾಗುವುದರಿಂದ ಎಂಟು ಲೇನಿನ ಅಂಕಣದಲ್ಲಿ ನಾಲ್ಕೇ ಜೋಡಿ ಓಡುತ್ತವೆ.

ನಮ್ಮ ಧರ್ಮಕೇಂದ್ರಗಳ ಕ್ರೀಡಾಕೂಟಗಳಲ್ಲಿ ಮೂರು ಕಾಲಿನ ಓಟ ಓಡಿದವರಿಗೆ ಇದರ ಲಯ ಸುಲಭವಾಗಿ ಅರ್ಥವಾದೀತು. ದಾರ ಹಿಡಿದ ಎರಡು ಕೈಗಳು ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬರಬೇಕು. ಓಟಗಾರ್ತಿಯ ಬಲಗೈ ಮುಂದೆ ಹೋದಾಗ ಅವಳ ಎಡಗಾಲು ಮುಂದೆ ಬರುತ್ತದೆ. ಅದೇ ಹೊತ್ತಿಗೆ ಬಲಬದಿಯಲ್ಲಿರುವ ಗೈಡ್‌ನ ಎಡಗೈ ಮುಂದೆ, ಬಲಗಾಲು ಮುಂದೆ. ಹೀಗೆ ಇಬ್ಬರೂ ಕನ್ನಡಿಯ ಎದುರಿಗಿನ ರೂಪದಂತೆ ಓಡುತ್ತಾರೆ. ಗೈಡ್ ಎತ್ತರದವನಾಗಿದ್ದರೆ ತನ್ನ ಹೆಜ್ಜೆ ಕುಗ್ಗಿಸಬೇಕು. ವರ್ಷಗಟ್ಟಲೆ ಬೆಳೆಸಿದ ಸ್ವಂತ ಹೆಜ್ಜೆಯನ್ನು ಮರೆತು ಇನ್ನೊಬ್ಬರ ಹೆಜ್ಜೆ ಕಲಿಯುವುದು ಒಳ್ಳೆಯ ಓಟಗಾರರಿಗೇ ಹೆಚ್ಚು ಕಷ್ಟವಾಗುತ್ತದೆ.

ಇನ್ನು ತಿರುವುಗಳು. ಗೈಡ್ ಹೊರಬದಿಯಲ್ಲಿದ್ದರೆ ಅವನು ಓಡುವ ದೂರವೂ ಹೆಚ್ಚು. ಒಂದು ಮೀಟರ್ ಹೊರಗೆ ಓಡಿದರೆ ಸುತ್ತಿಗೆ ಸುಮಾರು ಆರು ಮೀಟರ್ ಅಧಿಕ, 1500 ಮೀಟರ್ ಮುಗಿಯುವಾಗ ಇಪ್ಪತ್ತು ಮೀಟರಿಗೂ ಹೆಚ್ಚು. ತಿರುವು ಬರುವ ಮುಂಚೆ ಹೇಳಬೇಕು, ತಿರುವು ಮುಗಿದದ್ದನ್ನು ಹೇಳಬೇಕು. ಮುಂದೆ ಯಾರಿದ್ದಾರೆ, ಎಷ್ಟು ಹೆಜ್ಜೆ ದೂರ, ಹಿಂದಿನವರ ಉಸಿರು ಹತ್ತಿರವಾಯಿತೇ, ಕೊನೆಯ 200 ಮೀಟರ್ ಯಾವಾಗ, ಎಲ್ಲವನ್ನೂ ಎರಡು ಮೂರು ಪದಗಳಲ್ಲಿ ಹೇಳಬೇಕು. ಹೆಚ್ಚು ಮಾತಾಡಿದರೆ ಓಟಗಾರ್ತಿಯ ಲಯ ಕೆಡುತ್ತದೆ, ಕಡಿಮೆಯಾದರೆ ಅವಳಿಗೆ ಭಯ ಹುಟ್ಟುತ್ತದೆ.

ಕಾಣದವರಿಗೆ ಓಟ ಕಲಿಸುವುದು

ಕಣ್ಣಿರುವ ಮಗು ಓಡುವುದನ್ನು ಯಾರೂ ಕಲಿಸುವುದಿಲ್ಲ. ಅಣ್ಣ ಓಡುವುದನ್ನು ನೋಡಿ ತಮ್ಮ ಓಡುತ್ತಾನೆ. ಹುಟ್ಟಿನಿಂದ ಕಾಣದ ಮಗುವಿಗೆ ಓಡುವ ಮನುಷ್ಯನ ಚಿತ್ರವೇ ತಿಳಿಯದು. ಅಂಥ ಮಕ್ಕಳು ಮೊದಲು ಓಡಿದಾಗ ಮೈ ಹಿಂದಕ್ಕೆ ವಾಲಿಸುತ್ತಾರೆ, ಎದುರಿಗೆ ಏನಾದರೂ ತಾಗೀತೆಂದು ಕೈ ಮುಂದೆ ಚಾಚುತ್ತಾರೆ, ಪಾದವನ್ನು ನೆಲ ತಡವುವಂತೆ ಇಡುತ್ತಾರೆ. ಇದು ದೌರ್ಬಲ್ಯವಲ್ಲ, ತಮ್ಮನ್ನು ಕಾಪಾಡಿಕೊಳ್ಳುವ ಬುದ್ಧಿ. ಇದನ್ನು ಬಿಡಿಸಲು ಬೈದರೆ ಪ್ರಯೋಜನವಿಲ್ಲ, "ನನ್ನ ಹಾಗೆ ಮಾಡು" ಎಂದರೂ ಪ್ರಯೋಜನವಿಲ್ಲ.

ತರಬೇತುದಾರ ಮಗುವಿನ ಹಿಂದೆ ನಿಂತು ಎರಡೂ ಮೊಣಕೈ ಹಿಡಿದು ತೂಗಿಸುತ್ತಾನೆ. ಮೊಣಕಾಲು ಎಷ್ಟು ಎತ್ತರಕ್ಕೆ ಬರಬೇಕೆಂದು ಅಂಗೈ ಅಡ್ಡ ಹಿಡಿದು ತಾಗಿಸುತ್ತಾನೆ. ತಾನೇ ನಿಂತಲ್ಲಿ ಓಡುತ್ತಾ ತನ್ನ ಭುಜದ ಮೇಲೆ, ತೊಡೆಯ ಮೇಲೆ ಮಗುವಿನ ಕೈ ಇಡಿಸಿ ಯಾವ ಸ್ನಾಯು ಯಾವಾಗ ಬಿಗಿಯುತ್ತದೆ ಎಂದು ತೋರಿಸುತ್ತಾನೆ. ಹೆಣ್ಣುಮಕ್ಕಳಿಗೆ ಹೀಗೆ ಕಲಿಸುವಾಗ ಶಿಕ್ಷಕಿಯೊಬ್ಬರು ಜೊತೆಗಿರುವುದೂ, ಮುಟ್ಟುವ ಮುಂಚೆ ಹೇಳಿ ಒಪ್ಪಿಗೆ ಪಡೆಯುವುದೂ ಅಗತ್ಯ. ನಮ್ಮ ಶಾಲೆಗಳವರು ಇದನ್ನು ಸಣ್ಣ ವಿಷಯವೆಂದು ಬಿಡಬಾರದು.

ನಂಬಿಕೆ ಬೆಳೆಯುವುದು ನಿಧಾನ. ಮೊದಲು ಮೊಣಕೈ ಹಿಡಿದು ನಡೆಯುವುದು, ಆಮೇಲೆ ದಾರ ಹಿಡಿದು ನಡೆಯುವುದು, ಆಮೇಲೆ ಮೆಲ್ಲ ಓಟ. ಒಮ್ಮೆ ಗೈಡ್‌ನ ಅಜಾಗರೂಕತೆಯಿಂದ ಬಿದ್ದ ಓಟಗಾರ್ತಿ ಮತ್ತೆ ಅದೇ ಗೈಡ್ ಜೊತೆ ಪೂರ್ತಿ ವೇಗದಲ್ಲಿ ಓಡಲು ತಿಂಗಳುಗಳೇ ಬೇಕಾಗಬಹುದು. ಹಾಗಾಗಿ ಗೈಡ್‌ಗಳನ್ನು ಪದೇ ಪದೇ ಬದಲಿಸುವುದು ಅಂಧ ಓಟಗಾರರಿಗೆ ದೊಡ್ಡ ನಷ್ಟ. ಭಾರತದಲ್ಲಿ ಇಂದಿಗೂ ಇರುವ ಮುಖ್ಯ ತೊಂದರೆ ಎಂದರೆ ಇದೇ ಎಂದು ನಮ್ಮ ಅಭಿಪ್ರಾಯ. ಓಡಬಲ್ಲ ಅಂಧ ಮಕ್ಕಳು ಸಿಗುತ್ತಾರೆ, ಅವರೊಡನೆ ನಾಲ್ಕೈದು ವರ್ಷ ನಿಲ್ಲುವ ಗೈಡ್ ಸಿಗುವುದಿಲ್ಲ. ಯುವಕನಿಗೆ ಉದ್ಯೋಗ ಬೇಕು, ಮದುವೆಯಾಗಬೇಕು, ಮನೆ ನಡೆಯಬೇಕು. ಬರೀ ಸೇವಾಭಾವನೆಯನ್ನು ನಂಬಿ ಇದನ್ನು ನಡೆಸಲಾಗದು.

ಪದಕ ಯಾರಿಗೆ?

ಬಹುಕಾಲ ಗೈಡ್‌ಗಳಿಗೆ ಪದಕ ಕೊಡುವ ಪದ್ಧತಿಯೇ ಇರಲಿಲ್ಲ. ಅಮೆರಿಕದ ಜೆರೋಮ್ ಏವರಿ ಒಳ್ಳೆಯ ವೇಗದ ಓಟಗಾರ. 2004ರಿಂದ ಅವರು ಅಂಧ ಓಟಗಾರರಿಗೆ ಗೈಡ್ ಆದರು. 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರೊಡನೆ ಓಡಿದ ಜೊಸಾಯಾ ಜೇಮಿಸನ್ 100 ಮೀಟರಿನಲ್ಲಿ ಚಿನ್ನ ಗೆದ್ದರೂ ಏವರಿ ಬರಿಗೈಯಲ್ಲಿ ಹಿಂದಿರುಗಿದರು. 2012ರ ಲಂಡನ್ ಕೂಟದ ಹೊತ್ತಿಗೆ ನಿಯಮ ಬದಲಾಗಿ ಗೈಡ್‌ಗಳೂ ಪದಕ ಪಡೆಯುವಂತಾಯಿತು. 2016ರಲ್ಲಿ ರಿಯೋದಲ್ಲಿ ಡೇವಿಡ್ ಬ್ರೌನ್ 100 ಮೀಟರ್ ಟಿ11 ಗೆದ್ದಾಗ ಪಕ್ಕದಲ್ಲಿದ್ದ ಏವರಿಗೂ ಚಿನ್ನ ಸಿಕ್ಕಿತು. ಹನ್ನೆರಡು ವರ್ಷ ಕಾಯಬೇಕಾಯಿತು.

ಭಾರತದ ಸಿಮ್ರನ್ ಶರ್ಮಾ 2024ರ ಪ್ಯಾರಿಸ್ ಕೂಟದಲ್ಲಿ 200 ಮೀಟರ್ ಟಿ12ರಲ್ಲಿ ಕಂಚು ಗೆದ್ದಾಗ ಅವರ ಗೈಡ್ ಅಭಯ್ ಸಿಂಗ್ ಅವರೂ ವೇದಿಕೆ ಏರಿದರು. ನಮ್ಮ ಪತ್ರಿಕೆಗಳ ತಲೆಬರಹಗಳಲ್ಲಿ ಮಾತ್ರ ಒಂದೇ ಹೆಸರು.

ಈ ಹೆಸರಿನ ವಿಷಯಕ್ಕೆ ಒಂದು ಮಾತು. ಯೆರಿಕೊವಿನ ದಾರಿಯಲ್ಲಿ ಕೂಗುತ್ತಿದ್ದ ಕುರುಡನನ್ನು ತನ್ನ ಬಳಿಗೆ ಕರೆತರುವಂತೆ ಪ್ರಭು ಯೇಸು ಹೇಳಿದರೆಂದು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ಆ ಕುರುಡನ ಹೆಸರು ಬಾರ್ತಿಮಾಯ ಎಂದು ಸಂತ ಮಾರ್ಕರು ತಿಳಿಸುತ್ತಾರೆ. ಗುಂಪಿನ ನಡುವೆ ದಾರಿ ಬಿಡಿಸಿ ಅವನನ್ನು ಮುಂದೆ ತಂದವರ ಹೆಸರು ಮಾತ್ರ ಯಾವ ಶುಭಸಂದೇಶದಲ್ಲಿಯೂ ಇಲ್ಲ.

ಓಟಗಾರರೂ ತಮ್ಮ ಗೈಡ್‌ಗಳ ಋಣವನ್ನು ಮರೆಯುವವರಲ್ಲ. 2012ರ ಲಂಡನ್‌ನಲ್ಲಿ 400 ಮೀಟರ್ ಫೈನಲ್ ಓಡುತ್ತಿದ್ದ ಬ್ರೆಜಿಲಿನ ತೆರೆಜಿನ್ಯಾ ಗಿಲ್ಯೆರ್ಮಿನಾ ಅವರ ಗೈಡ್ ನಡುವೆ ಎಡವಿ ಬಿದ್ದರು. ಅವರು ಮುಂದೆ ಹೋಗದೆ ತಾವೂ ಅಂಕಣದ ಮೇಲೆ ಮಲಗಿಬಿಟ್ಟರು. ಪ್ಯಾರಿಸ್‌ನಲ್ಲಿ 2024ರ ಸೆಪ್ಟೆಂಬರ್ 8ರಂದು ನಡೆದ ಮಹಿಳೆಯರ ಮ್ಯಾರಥಾನ್‌ನಲ್ಲಿ ಸ್ಪೇನಿನ ಎಲೆನಾ ಕೊಂಗೋಸ್ತ್ ಮೂರನೆಯವರಾಗಿ ಬರುತ್ತಿದ್ದರು. ಗೆರೆ ಕೆಲವೇ ಹೆಜ್ಜೆ ದೂರವಿರುವಾಗ ಸ್ನಾಯು ಸೆಳೆತದಿಂದ ಗೈಡ್ ಕುಸಿಯತೊಡಗಿದರು. ಎಲೆನಾ ದಾರ ಬಿಟ್ಟು ಅವರನ್ನು ಹಿಡಿದುಕೊಂಡರು, ಮತ್ತೆ ದಾರ ಹಿಡಿದು ಗೆರೆ ದಾಟಿದರು. ದಾರ ಬಿಟ್ಟದ್ದು ನಿಯಮಭಂಗವೆಂದು ಅಂದಿನ ನಿರ್ಣಾಯಕರು ಅವರನ್ನು ಅನರ್ಹಗೊಳಿಸಿದರು, ಹಿಂದೆ ಬಂದ ಜಪಾನಿನ ಮಿಸಾಟೊ ಮಿಚಿಶಿತಾ ಅವರಿಗೆ ಕಂಚು ಹೋಯಿತು. ತೀರ್ಪಿನ ಬಗ್ಗೆ ಜಗತ್ತಿನಾದ್ಯಂತ ವಾದಗಳು ನಡೆದವು. ದಾರದ ನಿಯಮ ಬೇಕೇ ಬೇಕು, ಇಲ್ಲದಿದ್ದರೆ ಮೋಸಕ್ಕೆ ದಾರಿಯಾಗುತ್ತದೆ. ಆದರೂ ಬೀಳುವವನನ್ನು ಹಿಡಿದ ಕೈಗೆ ಶಿಕ್ಷೆಯಾದದ್ದು ನಮಗೆ ಸರಿಯೆನಿಸಲಿಲ್ಲ.

ರಕ್ಷಿತಾ ಅವರಿಗೆ ಪ್ಯಾರಿಸ್‌ನಲ್ಲಿ ಪದಕ ಬರಲಿಲ್ಲ. ಮೊದಲ ಸುತ್ತಿನಲ್ಲೇ ಹೊರಗುಳಿದು ಫೈನಲ್ ತಲುಪಲಿಲ್ಲ. ಏಷ್ಯಾದ ಮಟ್ಟಕ್ಕೂ ವಿಶ್ವದ ಮಟ್ಟಕ್ಕೂ ಇರುವ ಅಂತರ ದೊಡ್ಡದು. ಆದರೆ 1500 ಮೀಟರಿನಂಥ ಓಟದಲ್ಲಿ ಕಣ್ಣು ಕಾಣದ ಭಾರತೀಯ ಮಹಿಳೆಯೊಬ್ಬರು ಪ್ಯಾರಾಲಿಂಪಿಕ್ಸ್‌ವರೆಗೆ ತಲುಪಿದ್ದು ಅದೇ ಮೊದಲು. ಪುರುಷರಲ್ಲಿ ಅಂಕುರ್ ಧಾಮಾ 2016ರಲ್ಲಿ ರಿಯೋದಲ್ಲಿ ಇದೇ ದೂರ ಓಡಿದ್ದರು.

ಕೊಡುವವರ ಇನ್ನೊಂದು ಬಗೆ

ತಾವು ಪಡೆದುದನ್ನು ಹಿಂದಿರುಗಿಸಿದ ಕ್ರೀಡಾಪಟುಗಳು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಮಾಲತಿ ಹೊಳ್ಳ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 1958ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಕೂಸಾಗಿದ್ದಾಗಲೇ ಪೋಲಿಯೊಗೆ ತುತ್ತಾದರು. ಗಾಲಿಕುರ್ಚಿಯಲ್ಲಿ ಓಡಿ, ಗುಂಡು, ಭರ್ಜಿ ಎಸೆದು ದೇಶಕ್ಕೆ ಪದಕಗಳನ್ನು ತಂದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಬ್ಯಾಂಕ್ ನೌಕರಿ ಮಾಡುತ್ತಲೇ ಗೆಳೆಯರೊಡನೆ ಮಾತೃ ಫೌಂಡೇಶನ್ ಕಟ್ಟಿ ಅಂಗವೈಕಲ್ಯವುಳ್ಳ ಬಡ ಮಕ್ಕಳಿಗೆ ಬೆಂಗಳೂರಿನಲ್ಲಿ ಆಶ್ರಯ ಕೊಟ್ಟರು. ಹಳ್ಳಿಯ ಮನೆಯ ಮೂಲೆಯಲ್ಲಿ ಉಳಿದುಬಿಡುತ್ತಿದ್ದ ಮಕ್ಕಳು ಅಲ್ಲಿದ್ದು ಓದಿದರು, ಚಿಕಿತ್ಸೆ ಪಡೆದರು.

ಮೂಡಿಗೆರೆಗೆ ಹೊಂದಿಕೊಂಡಿರುವ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ತಮಿಳುನಾಡಿನ ಮರಿಯಪ್ಪನ್ ತಂಗವೇಲು 2016ರಲ್ಲಿ ರಿಯೋದಲ್ಲಿ ಚಿನ್ನ ಗೆಲ್ಲುವ ಮುಂಚೆ ಬೆಂಗಳೂರಿನಲ್ಲಿ ತರಬೇತುದಾರ ಸತ್ಯನಾರಾಯಣ ಅವರ ಕೈಕೆಳಗೆ ಪಳಗಿದರು. ಹೀಗೆ ಪ್ಯಾರಾ ಕ್ರೀಡೆಗೆ ಕರ್ನಾಟಕದ ತರಬೇತುದಾರರ ಕೊಡುಗೆ ಸಣ್ಣದಲ್ಲ.

ಧರ್ಮಸಭೆಯೂ ಈ ಕ್ಷೇತ್ರವನ್ನು ಕಡೆಗಣಿಸಿಲ್ಲ. ಓಟದ ಅಂಕಣದ ಹೋಲಿಕೆಯನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿಯೇ ಬಳಸಿದ್ದಾರೆ. 2000ದ ಮಹಾಜುಬಿಲಿ ವರ್ಷದಲ್ಲಿ ಅಕ್ಟೋಬರ್ 29ರಂದು ಜಗದ್ಗುರು ಎರಡನೇ ಜಾನ್ ಪೌಲರು ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕ್ರೀಡಾಪಟುಗಳ ಜುಬಿಲಿ ಆಚರಿಸಿದರು. 2025ರ ಜೂನ್ 15ರಂದು, ಪರಮ ತ್ರಿತ್ವದ ಭಾನುವಾರ, ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಕ್ರೀಡಾ ಜುಬಿಲಿಯ ಬಲಿಪೂಜೆ ಅರ್ಪಿಸಿದರು. 2019ರಲ್ಲಿ ವ್ಯಾಟಿಕನ್ ತನ್ನದೇ ಆದ ಅಥ್ಲೆಟಿಕಾ ವ್ಯಾಟಿಕಾನಾ ಎಂಬ ಸಂಘವನ್ನೂ ಆರಂಭಿಸಿತು.

ಬಣಕಲ್ ಕಡೆಯಲ್ಲಿ ಏನು ಸಾಧ್ಯ?

ಮಲೆನಾಡಿನ ಶಾಲೆಗಳಿಗೆ ಇರುವ ತೊಡಕುಗಳು ನಮಗೆ ಗೊತ್ತು. ಸಮತಟ್ಟಾದ ಮೈದಾನ ಅಪರೂಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರ, ಬಣಕಲ್ ಸುತ್ತ ಸುರಿಯುವ ಮಳೆಯಲ್ಲಿ ಇರುವ ಮೈದಾನವೂ ಕೆಸರು. ಚಳಿಗಾಲದಲ್ಲಿ ಹಣ್ಣು ಕೊಯ್ಲು ಶುರುವಾದರೆ ತೋಟದ ಸಾಲುಮನೆಗಳಲ್ಲಿ ಮಕ್ಕಳ ಕಡೆ ನೋಡುವವರೂ ಕಡಿಮೆ. ಆದರೆ ಗೈಡ್ ಓಟದ ಮೊದಲ ಪಾಠಗಳಿಗೆ 400 ಮೀಟರಿನ ಅಂಕಣ ಬೇಡ. ಕೊಯ್ಲು ಮುಗಿದು ಕಾಫಿ ಒಣಗಿ ಮೂಟೆಯಾದ ಮೇಲೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ತೋಟದ ಕಣಗಳು ಖಾಲಿ ಬಿದ್ದಿರುತ್ತವೆ. ಕಲ್ಲು ಮುಳ್ಳಿಲ್ಲದ ಸಮನಾದ ಜಾಗ. ದಾರ ಹಿಡಿದು ನಡೆಯಲು, ತಿರುಗಲು, ಹೆಜ್ಜೆ ಕೂಡಿಸಲು ಅಷ್ಟು ಸಾಕು. ತೋಟದ ಮಾಲೀಕರನ್ನು ಒಂದು ಮಾತು ಕೇಳಬೇಕು ಅಷ್ಟೆ.

ಗೈಡ್ ಆಗಬಯಸುವ ಯುವಕ ಯುವತಿಯರು ಮೊದಲು ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೆಳೆಯನ ಜೊತೆ ಓಡಿ ನೋಡಬೇಕು. ಹತ್ತು ಹೆಜ್ಜೆ ಓಡುವಷ್ಟರಲ್ಲಿ ಕೈ ತಾನಾಗಿ ಮುಂದೆ ಚಾಚುತ್ತದೆ. ಆ ಅನುಭವವಿಲ್ಲದೆ ಇನ್ನೊಬ್ಬರಿಗೆ ದಾರಿ ಹೇಳಲು ಬಾರದು. ಕಾಣದವರ ಕೈ ಹಿಡಿದು ಎಳೆಯಬಾರದು, ಅವರೇ ನಮ್ಮ ಮೊಣಕೈ ಹಿಡಿಯಲು ಬಿಡಬೇಕು. ನಾವು ಅರ್ಧ ಹೆಜ್ಜೆ ಮುಂದಿದ್ದರೆ ನಮ್ಮ ಮೈಯ ಚಲನೆಯಿಂದಲೇ ಅವರಿಗೆ ಮೆಟ್ಟಿಲು, ತಿರುವು ತಿಳಿಯುತ್ತದೆ. ಇದು ಓಟಕ್ಕಷ್ಟೇ ಅಲ್ಲ, ಭಾನುವಾರ ದೇವಾಲಯದ ಮೆಟ್ಟಿಲು ಹತ್ತಿಸುವಾಗಲೂ ಪರಮಪ್ರಸಾದಕ್ಕೆ ಕರೆದೊಯ್ಯುವಾಗಲೂ ಬೇಕಾದ ತಿಳಿವಳಿಕೆ.

ಕಾನೂನೂ ಬೆಂಬಲಕ್ಕಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 30ನೇ ಕಲಮು ಅಂಗವಿಕಲರು ಕ್ರೀಡೆಯಲ್ಲಿ ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಮಗುವಿಗೆ ಸೌಲಭ್ಯ ಸಿಗಲು ಯುಡಿಐಡಿ ಕಾರ್ಡ್ ಬೇಕು. ಅದಕ್ಕೆ ಆಧಾರ್, ಭಾವಚಿತ್ರ, ವೈದ್ಯಕೀಯ ತಪಾಸಣೆ ಅಗತ್ಯ. ತೋಟದ ಕೂಲಿಯವರಿಗೆ ಒಂದು ದಿನದ ಸಂಬಳ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗುವುದೇ ಭಾರ. ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು, ಸ್ತ್ರೀ ಸಂಘಟನೆಯವರು ವರ್ಷಕ್ಕೊಮ್ಮೆ ಅಂಥ ಮನೆಗಳನ್ನು ಪಟ್ಟಿ ಮಾಡಿ ಒಂದು ವಾಹನ ಮಾಡಿಸಿಕೊಟ್ಟರೆ ಆ ದಿನ ಉಳಿಯುತ್ತದೆ. ಕಾರ್ಡ್ ಕೈಗೆ ಬಂದ ಮೇಲೆ ಶಾಲೆಯ ದೈಹಿಕ ಶಿಕ್ಷಕರಿಗೆ ಮಗುವಿನ ಹೆಸರು ತಿಳಿಸಿ, ಮುಂದಿನ ಕ್ರೀಡಾ ದಿನದ ಓಟದ ಪಟ್ಟಿಯಲ್ಲಿ ಸೇರಿಸುವಂತೆ ಕೇಳಬಹುದು. ಜೊತೆ ಓಡಲು ಒಬ್ಬ ಗೆಳೆಯ ಅಥವಾ ಗೆಳತಿಯ ಹೆಸರನ್ನೂ ಅದರ ಪಕ್ಕದಲ್ಲೇ ಬರೆಸಬೇಕು.